ರೂಪಾಯಿಯಗಲದ ಬೊಟ್ಟು

ನಮ್ಮ ಮನೆಗೆ ಸ್ಟಿಕ್ಕರ್ ಬೊಟ್ಟು ಬಂದದ್ದು ವಿಜಯವಾಡಕ್ಕೆ ಹೋದ ಮೇಲೆ. ಅದಕ್ಕೆ ಮುಂಚೆ ತುಮಕೂರಿನಲ್ಲಿದ್ದಾಗ ಅಮ್ಮ ಹಣೆಗೆ ತೆಳ್ಳಗೆ ಮೇಣ ಸವರಿ, ಅದರ ಮೇಲೆ ಉಂಗುರದ ಬೆರಳಿನಿಂದ ಕುಂಕುಮ ಒತ್ತಿಕೊಳ್ಳುತ್ತಿದ್ದಳು. ನನಗೆ ಚಿಕ್ಕಂದಿನಲ್ಲಿ ಕಪ್ಪು ಸಾದು, ಹೈಸ್ಕೂಲಿಗೆ ಬಂದ ಮೇಲೆ ಪುಟ್ಟ ಸೀಸೆಗಳಲ್ಲಿ ಬರುತ್ತಿದ್ದ ನೀರು ಕುಂಕುಮ. ಲಂಗದ ಬಣ್ಣಕ್ಕೆ ಹೊಂದುವ ಸೀಸೆ ತೆಗೆದು, ಮುಚ್ಚಳಕ್ಕೇ ಅಂಟಿಕೊಂಡಿದ್ದ ಕಡ್ಡಿಯಿಂದ ನಿಲುವಾಗಿ ಒಂದು ಗೆರೆ ಎಳೆದು, ಅದರ ಕೆಳಗೆ ಒಂದು ಚುಕ್ಕಿ. ಮುಖಕ್ಕೆ ಪೌಡರ್, ಕಣ್ಣಿಗೆ ಮನೆಯಲ್ಲೇ ಹಿಡಿದ ಕಾಡಿಗೆ. ಅಲ್ಲಿಗೆ ಅಲಂಕಾರ ಮುಗಿಯಿತು. ಲಿಪ್‌ಸ್ಟಿಕ್ ಹಚ್ಚುವವರು ಸಿನಿಮಾದವರು ಮಾತ್ರ ಎಂದು ನಾವು ನಂಬಿದ್ದೆವು.

ಅಪ್ಪ ಬ್ಯಾಂಕಿನಲ್ಲಿ ಅಧಿಕಾರಿ. ಎಂಬತ್ತರ ದಶಕದ ಮೊದಲ ಭಾಗದಲ್ಲಿ ವಿಜಯವಾಡಕ್ಕೆ ವರ್ಗವಾಯಿತು. ಸ್ವಲ್ಪ ವರ್ಷದ ಮಟ್ಟಿಗೆ ಎಂದು ಹೋದವರು ತಮ್ಮನ ಓದು, ನನ್ನ ಕಾಲೇಜು ಎಂದು ಅಲ್ಲೇ ಒಂದು ಶಾಖೆಯಿಂದ ಇನ್ನೊಂದಕ್ಕೆ ಹಾಕಿಸಿಕೊಂಡು ಉಳಿದುಬಿಟ್ಟರು. ಪಟಮಟದಲ್ಲಿ ಮೇಲಂತಸ್ತಿನ ಬಾಡಿಗೆ ಮನೆ. ಏಪ್ರಿಲ್ ಬಂತೆಂದರೆ ತಾರಸಿಯ ಕಾವು ಮಧ್ಯರಾತ್ರಿಯವರೆಗೂ ಇಳಿಯುತ್ತಿರಲಿಲ್ಲ. ಅಮ್ಮನ ಹಣೆಯ ಮೇಣ ಕರಗಿ ಕುಂಕುಮ ಮೂಗಿನ ಮೇಲೆ ಹರಿದು ಬರುತ್ತಿತ್ತು. ಅದನ್ನು ನೋಡಲಾರದೆ ಕೆಳಗಿನ ಮನೆಯ ಓನರಮ್ಮ ಒಂದು ಮಧ್ಯಾಹ್ನ ಒಂದು ಪುಟ್ಟ ಕಾಗದದ ಹಾಳೆ ತಂದುಕೊಟ್ಟರು. ಅದರ ಮೇಲೆ ಸಾಲಾಗಿ ಮೆರೂನ್ ಬಣ್ಣದ ಮಖಮಲ್ಲಿನ ಬೊಟ್ಟುಗಳು.

"ಬೊಟ್ಟು ಬಿಳ್ಳಲು ಅಂಡಿ, ಅಂಟಿಸುವ ಬೊಟ್ಟು. ಇಟ್ಟುಕೊಂಡರೆ ಸಾಕು, ಬೆವರಿದರೂ ಕದಲುವುದಿಲ್ಲ," ಎಂದರು ತೆಲುಗಿನಲ್ಲಿ.

ಅಮ್ಮ ಒಂದೆರಡು ದಿನ ಇಟ್ಟುಕೊಂಡು, "ಅಂಟಿಸಿಕೊಂಡರೆ ಅದು ಕುಂಕುಮ ಹೇಗಾಗುತ್ತೆ," ಎಂದು ಹಳೆಯ ಮೇಣಕ್ಕೇ ಹಿಂತಿರುಗಿದಳು. ಹಾಳೆಯಲ್ಲಿ ಉಳಿದದ್ದೆಲ್ಲ ನನ್ನ ಪಾಲಾಯಿತು.

ಕಾಲೇಜಿನಲ್ಲಿ ಆಗ ಎಲ್ಲರ ಹಣೆಯಲ್ಲೂ ಅದೇ. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಮಲ್ಲಿಗೆ, ನಡುಹಣೆಯಲ್ಲಿ ದುಂಡನೆಯ ಸ್ಟಿಕ್ಕರ್. ಸಾಯಂಕಾಲ ಮನೆಗೆ ಬಂದರೆ ಅದನ್ನು ಕಿತ್ತು ಬೀರುವಿನ ಕನ್ನಡಿಗೆ ಅಂಟಿಸುವುದು, ಬೆಳಿಗ್ಗೆ ಮತ್ತೆ ಹಣೆಗೆ. ಒಂದು ಬೊಟ್ಟು ಹೀಗೆ ವಾರವಿಡೀ ಬಾಳುತ್ತಿತ್ತು. ಬೇಸಿಗೆಯಲ್ಲಿ ಅದರ ಕೆಳಗೆ ತುರಿಸುತ್ತಿತ್ತು. ಬೆವರುಸಾಲೆ ಎಂದುಕೊಂಡು ಪೌಡರ್ ಹಾಕಿ ಮೇಲೆ ಮತ್ತೆ ಅಂಟಿಸುತ್ತಿದ್ದೆ.

ಒಂದು ಭಾನುವಾರ ಎಣ್ಣೆನೀರು ಹಾಕಲು ಅಮ್ಮ ನನ್ನನ್ನು ತಾರಸಿಯ ಬೆಳಕಿಗೆ ಕೂರಿಸಿದಾಗ ಅವಳ ಕೈ ನಿಂತುಹೋಯಿತು. ನನ್ನ ಗದ್ದ ಹಿಡಿದು ಮುಖವನ್ನು ಬಿಸಿಲಿಗೆ ತಿರುಗಿಸಿದಳು.

"ಇದು ಯಾವಾಗಿಂದ?"

"ಯಾವುದು?"

ಅವಳು ಬೇಗಬೇಗ ಎಣ್ಣೆ ತಿಕ್ಕಿ ನನ್ನನ್ನು ಬಚ್ಚಲಿಗೆ ಕಳಿಸಿದಳು. ಸ್ನಾನವಾದ ಮೇಲೆ ಕನ್ನಡಿ ನೋಡಿಕೊಂಡೆ. ಬೊಟ್ಟಿಡುವ ಜಾಗದಲ್ಲಿ ಮೆಂತ್ಯದ ಕಾಳಿನಷ್ಟು ಬಣ್ಣ ಕಳೆದುಕೊಂಡ ಚರ್ಮ. ಬಿಳಿ ಎನ್ನುವಂತಿಲ್ಲ, ಹಾಲು ಬಿದ್ದು ಒಣಗಿದ ಹಾಗೆ. ಅಮ್ಮ ಬಾಗಿಲು ಮುಂದೆ ಮಾಡಿ ಬಂದು ನನ್ನ ಪಕ್ಕದಲ್ಲಿ ಕೂತಳು. ಅವಳ ಸೋದರತ್ತೆಯೊಬ್ಬರಿಗೆ ತೊನ್ನು ಇತ್ತು. ಆಕೆಗೆ ಮದುವೆಯಾಗಲಿಲ್ಲ, ಮದುವೆಮನೆಗಳಲ್ಲಿ ಆಕೆ ಅಡುಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಆ ಕಥೆಯನ್ನು ನಾನು ಕೇಳಿದ್ದೆ. ಅಂದು ಅಮ್ಮ ಅದನ್ನು ಹೇಳಲಿಲ್ಲ. "ಅಪ್ಪನಿಗೆ ಹೇಳಬೇಡ," ಎಂದಳು ಅಷ್ಟೆ. "ಅವರ ಬಾಯಲ್ಲಿ ಏನೂ ನಿಲ್ಲಲ್ಲ. ನಾಳೆ ಗಂಡಿನ ಕಡೆಯವರು ಬಂದರೆ ಅವರೇ ಮೊದಲು ಹೇಳಿಬಿಡ್ತಾರೆ."

ಅಂದು ಸಂಜೆಯೇ ಅವಳು ಒಬ್ಬಳೇ ಹೋಗಿ, ಇನ್ನೂ ದೊಡ್ಡ ಅಳತೆಯ ಸ್ಟಿಕ್ಕರ್ ತಂದಳು.

ಒಮ್ಮೆ ಡಾಕ್ಟರ ಹತ್ತಿರವೂ ಹೊರಟಿದ್ದೆವು. ಬೆಂಜ್ ಸರ್ಕಲ್ ಹತ್ತಿರ ಚರ್ಮದ ಡಾಕ್ಟರೊಬ್ಬರ ಕ್ಲಿನಿಕ್ ಇತ್ತು, ಅಂಗಡಿಗಳ ಮೇಲಿನ ಮಹಡಿಯಲ್ಲಿ. ಬಸ್ಸಿಳಿದು, ಬೋರ್ಡಿನ ಕೆಳಗೆ ನಿಲ್ಲಬಾರದೆಂದು ಅಮ್ಮ ನನ್ನ ಕೈ ಹಿಡಿದು ಬೇಗಬೇಗ ಮೆಟ್ಟಿಲು ಹತ್ತಿಸಿದಳು. ಮೇಲಿನ ಬೆಂಚಿನ ಮೇಲೆ ಅಪ್ಪನ ಬ್ಯಾಂಕಿನ ಸಹೋದ್ಯೋಗಿಯೊಬ್ಬರ ಹೆಂಡತಿ ಕೂತಿದ್ದರು. ನಮ್ಮ ಕಡೆಯವರೇ, ದಾವಣಗೆರೆಯವರು. ಅವರ ಮಡಿಲಲ್ಲಿ ಮೈತುಂಬ ಬೆವರುಗುಳ್ಳೆ ಎದ್ದ ಮಗು.

"ಏನ್ರೀ, ನೀವು ಇಲ್ಲಿ?" ಎಂದರು ಅವರು.

"ಹಲ್ಲಿನ ಡಾಕ್ಟ್ರು ಇಲ್ಲೇ ಅಂದಿದ್ರು," ಎಂದಳು ಅಮ್ಮ. "ತಪ್ಪಿ ಬಂದ್ವಿ ಅನ್ಸುತ್ತೆ."

ಅವರು ಎದುರಿನ ಕಟ್ಟಡ ತೋರಿಸಿದರು. ನಾವು ಕೆಳಗಿಳಿದು, ರಸ್ತೆ ದಾಟಿ, ಅವರಿಗೆ ಕಾಣುವ ಹಾಗೆ ಆ ಕಟ್ಟಡದೊಳಗೂ ಹೋಗಿ, ಹೊರಗೆ ಬಂದು ಪಟಮಟದ ಬಸ್ಸು ಹಿಡಿದೆವು. ಬಸ್ಸಿನಲ್ಲಿ ಅಮ್ಮ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಆ ಕ್ಲಿನಿಕ್ಕಿಗೆ ನಾವು ಮತ್ತೆ ಹೋಗಲಿಲ್ಲ.

ಮಚ್ಚೆ ಸ್ಟಿಕ್ಕರಿನ ಅಂಚು ಮುಟ್ಟಿದಾಗಲೆಲ್ಲ ಅಮ್ಮ ಒಂದು ಅಳತೆ ದೊಡ್ಡದನ್ನು ತರುತ್ತಿದ್ದಳು. ಬಿ.ಎ. ಮುಗಿಯುವ ಹೊತ್ತಿಗೆ ನನ್ನ ಬೊಟ್ಟು ರೂಪಾಯಿಯಗಲವಾಗಿತ್ತು. ಅದೃಷ್ಟವೋ ಏನೋ, ಆಗ ದೊಡ್ಡ ಬೊಟ್ಟೇ ಫ್ಯಾಷನ್ನು. ಹೊಸ ಮಾದರಿ ಎಂದು ಗೆಳತಿಯರು ಹೊಗಳುತ್ತಿದ್ದರು. ನೋಡಲು ಬಂದ ಗಂಡಿನ ಕಡೆಯವರೂ ಅದನ್ನೇ ಮೆಚ್ಚಿದರು. "ಹಣೆ ತುಂಬ ಕುಂಕುಮ, ಎಷ್ಟು ಲಕ್ಷಣ," ಎಂದರು ಹಾಸನದಿಂದ ಬಂದಿದ್ದ ನನ್ನ ಮುಂದಿನ ಅತ್ತೆ. ಅಮ್ಮ ತಲೆ ತಗ್ಗಿಸಿ ಕಾಫಿ ಲೋಟ ಎತ್ತಿಕೊಂಡಳು.

ನನ್ನ ಗಂಡ ವಿಶಾಖಪಟ್ಟಣದ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಎಂಜಿನಿಯರ್. ಮದುವೆಯಾಗಿ ಕಾರ್ಖಾನೆಗೆ ಹತ್ತಿರದ ದುವ್ವಾಡ ಸ್ಟೇಷನ್ನಿನಲ್ಲಿ ಇಳಿದಾಗ ನನ್ನ ಸೂಟ್‌ಕೇಸಿನಲ್ಲಿ ಸೀರೆಗಳ ಮಡಿಕೆಯೊಳಗೆ ಅಮ್ಮ ಇಟ್ಟಿದ್ದ ಸ್ಟಿಕ್ಕರ್ ಹಾಳೆಗಳ ಕಟ್ಟು ಇತ್ತು. "ಅವನ ಮುಂದೆ ತೆಗೀಬೇಡ," ಎಂದು ಹೇಳಿ ಕಳಿಸಿದ್ದಳು. "ಮುತ್ತೈದೆ ಬೋಳುಹಣೇಲಿ ಗಂಡನ ಮುಂದೆ ನಿಲ್ಲಬಾರದು ಅಂತ ನಮ್ಮಲ್ಲಿ ಪದ್ಧತಿ ಅನ್ನು. ಸುಳ್ಳೇನಲ್ಲವಲ್ಲ."

ಸುಳ್ಳಾಗಿರಲಿಲ್ಲ. ಅದಕ್ಕೇ ಅದರಿಂದ ಹೊರಬರುವುದು ಇನ್ನೂ ಕಷ್ಟವಾಯಿತು. ಬಚ್ಚಲಿಗೆ ಹೋಗುವಾಗ ಸೆರಗಿನ ತುದಿಯಲ್ಲಿ ಹೊಸ ಬೊಟ್ಟು ಅಂಟಿಸಿಕೊಂಡು ಹೋಗುತ್ತಿದ್ದೆ. ಚಿಲಕ ಹಾಕಿದ ಮೇಲೆ ಹಳೆಯದನ್ನು ತೆಗೆದು, ಮುಖ ತೊಳೆದು, ಒರೆಸಿ, ಹೊಸದನ್ನು ಒತ್ತಿ, ನಂತರವೇ ಚಿಲಕ ತೆಗೆಯುವುದು. ಮಲಗುವಾಗಲೂ ಅದು ಇರುತ್ತಿತ್ತು. ನಿದ್ದೆಯಲ್ಲಿ ಹಣೆ ತಲೆದಿಂಬಿಗೆ ಉಜ್ಜಿದರೆ ಎಚ್ಚರವಾಗುತ್ತಿತ್ತು. ಗಂಡ ಇದನ್ನು ನನ್ನ ಭಕ್ತಿ ಎಂದುಕೊಂಡರು. ಅತ್ತೆ ಬಂದಾಗ ಪಕ್ಕದ ಕ್ವಾರ್ಟರ್ಸಿನವರಿಗೆ, "ನಮ್ಮ ಸೊಸೆ ನಿದ್ದೆಯಲ್ಲೂ ಕುಂಕುಮ ತೆಗೆಯಲ್ಲ," ಎಂದು ಹೇಳಿಕೊಳ್ಳುತ್ತಿದ್ದರು. ಅವರು ಹೀಗೆ ಹೊಗಳಿದ ದಿನ ನನಗೆ ಊಟ ಸೇರುತ್ತಿರಲಿಲ್ಲ.

ಅಷ್ಟರಲ್ಲಿ ಕಾಲ ಸರಿದುಹೋಯಿತು. ತೊಂಬತ್ತರ ದಶಕ ಶುರುವಾಗಿ ಮನೆಮನೆಗೆ ಕೇಬಲ್ ಟಿ.ವಿ. ಬಂತು. ಕಾರ್ಖಾನೆಯ ಟೌನ್‌ಶಿಪ್ಪಿನ ಹೆಂಗಸರ ಮುಖಗಳೆಲ್ಲ ನನ್ನ ಕಣ್ಣೆದುರೇ ಬದಲಾದವು. ಮೊದಲು ಹುಬ್ಬುಗಳು ಸಣ್ಣಗಾದವು. ದಾರದಲ್ಲಿ ಹುಬ್ಬು ತೀಡುವ ಹೆಂಗಸೊಬ್ಬಳು ಹತ್ತಿರದ ಗಾಜುವಾಕದಿಂದ ವಾರಕ್ಕೊಮ್ಮೆ ಬರತೊಡಗಿದಳು. ಆಮೇಲೆ ಲಿಪ್‌ಸ್ಟಿಕ್ ಬಂತು. ಮೊದಲು ಹೆದರಿ ಹೆದರಿ ತಿಳಿಗುಲಾಬಿ, ಬರುಬರುತ್ತ ಕಾಫಿಪುಡಿಯಂಥ ಕಂದು, ಅದರ ಸುತ್ತ ಪೆನ್ಸಿಲಿನಲ್ಲಿ ಇನ್ನೂ ಕಪ್ಪು ಗೆರೆ. ಪೌಡರಿನ ಜಾಗಕ್ಕೆ ಕನ್ನಡಿಯಿರುವ ಚಪ್ಪಟೆ ಡಬ್ಬಿ. ಬೊಟ್ಟು ಮಾತ್ರ ದಿನೇದಿನೇ ಚಿಕ್ಕದಾಗುತ್ತ ಹೋಯಿತು. ಸಾಸಿವೆಯಷ್ಟು ಚುಕ್ಕಿ, ಸೂಜಿಯಂಥ ಗೆರೆ, ಹಾವಿನಂತೆ ಬಳುಕಿದ್ದು, ಹೊಳೆಯುವ ಹರಳಿನದ್ದು. ಅಂಗಡಿಯಲ್ಲಿ ನನ್ನ ಅಳತೆಯದು ಕೇಳಿದರೆ, ಹುಡುಕಿ ಧೂಳು ಕೊಡವಿ ಕೊಡುತ್ತಿದ್ದರು. ಅಮ್ಮನವರ ವಿಗ್ರಹಕ್ಕೋ ಎಂದು ಒಬ್ಬ ಕೇಳಿದ.

ಒಂದು ಮಧ್ಯಾಹ್ನ ಲೇಡೀಸ್ ಕ್ಲಬ್ಬಿನಲ್ಲಿ ಊರೊಳಗಿಂದ ಬ್ಯೂಟಿಷಿಯನ್ ಒಬ್ಬಳನ್ನು ಕರೆಸಿದ್ದರು. ಹೊಸ ಬಗೆಯ ಅಲಂಕಾರ ತೋರಿಸಲು ಅವಳಿಗೆ ಒಂದು ಮುಖ ಬೇಕಿತ್ತು. ಎಲ್ಲರೂ ನನ್ನ ಕಡೆ ನೋಡಿದರು.

"ಇವರು ಇನ್ನೂ ಹಳೇ ಕಾಲದಲ್ಲೇ ಇದ್ದಾರೆ. ಇವರನ್ನ ಸ್ವಲ್ಪ ಬದಲಾಯಿಸಿ," ಎಂದು ನಮ್ಮ ಮೇಲಿನ ಮನೆಯಾಕೆ ನಗುತ್ತ ನನ್ನನ್ನು ಕುರ್ಚಿಗೆ ತಳ್ಳಿದರು. ಬ್ಯೂಟಿಷಿಯನ್ ಹತ್ತಿಗೆ ಕ್ರೀಮು ಹಚ್ಚಿಕೊಂಡು, "ಮೊದಲು ಈ ಬೊಟ್ಟು ತೆಗೆದುಬಿಡೋಣ ಆಂಟಿ," ಎಂದಳು. ನಾನು ಅವಳ ಮಣಿಕಟ್ಟು ಹಿಡಿದೆ. ಬಹಳ ಜೋರಾಗಿ ಹಿಡಿದಿರಬೇಕು, ಅವಳ ಬಳೆ ಒಡೆಯಿತು. ಎದ್ದು ಮನೆಗೆ ಬಂದುಬಿಟ್ಟೆ. ಆಮೇಲೆ ಕ್ಲಬ್ಬಿನಲ್ಲಿ ನನ್ನನ್ನು ಜಂಬದವಳು ಎಂದರು. ಆ ಮಾತು ಕೇಳಿ ನನಗೆ ಸಮಾಧಾನವೇ ಆಯಿತು. ಇನ್ನು ಯಾರೂ ಕರೆಯಲಾರರು.

ನಿಜ ಗೊತ್ತಾದದ್ದು ಮಗಳ ದೆಸೆಯಿಂದ. ಆಗ ಎರಡು ವರ್ಷದವಳಾಗಿದ್ದ ಅವಳಿಗೆ ಮೈಮೇಲೆ ಕಜ್ಜಿಯಾಗಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಚರ್ಮದ ಡಾಕ್ಟರು ವಯಸ್ಸಾದ ತೆಲುಗು ಹೆಂಗಸು. ಮಗುವಿಗೆ ಮುಲಾಮು ಬರೆದುಕೊಟ್ಟು ನನ್ನ ಕಡೆ ನೋಡಿದರು. ನೋಡಿದ್ದು ನನ್ನ ಕಣ್ಣನ್ನಲ್ಲ, ಬೊಟ್ಟಿನ ಸುತ್ತ ಕೆಂಪಾಗಿದ್ದ ಅಂಚನ್ನು.

"ಅದನ್ನು ತೆಗಿಯಮ್ಮ."

ನಾನು ಮಗಳ ಕೈ ಹಿಡಿದು ಏಳಲು ಹೋದೆ. ಅವರು ನರ್ಸಿಗೆ ಬಾಗಿಲು ಹಾಕಲು ಹೇಳಿ, ಮತ್ತೆ ಅಷ್ಟೇ ಮೆಲ್ಲಗೆ, "ತೆಗಿ, ನೋಡೋಣ," ಎಂದರು. ಅಮ್ಮನ ಹೊರತು ಬೇರೊಬ್ಬರ ಮುಂದೆ ನಾನು ಅದನ್ನು ತೆಗೆದದ್ದು ಅಲ್ಲೇ ಮೊದಲು.

ಅವರು ದೀಪ ಹತ್ತಿರ ತಂದು ನೋಡಿ, "ಮೈಮೇಲೆ ಬೇರೆಲ್ಲಾದರೂ ಇದೆಯಾ?" ಎಂದು ಕೇಳಿದರು.

"ಇಲ್ಲ."

"ಇದು ನೀನು ಅಂದುಕೊಂಡಿರುವ ರೋಗ ಅಲ್ಲ. ಸ್ಟಿಕ್ಕರಿನ ಅಂಟು. ಅದರಲ್ಲಿರುವ ಕೆಮಿಕಲ್ ಕೆಲವರ ಚರ್ಮದ ಬಣ್ಣ ತಿಂದುಬಿಡುತ್ತೆ. ನಿಲ್ಲಿಸಿದರೆ ಹರಡೋದಿಲ್ಲ. ಬಣ್ಣ ಮತ್ತೆ ಬರಬಹುದು, ಬರದೆಯೂ ಇರಬಹುದು. ಬಹಳ ವರ್ಷ ಆಗಿದೆಯಲ್ಲ."

ಮಚ್ಚೆ ಮುಚ್ಚಲು ದೊಡ್ಡ ಬೊಟ್ಟು, ದೊಡ್ಡ ಬೊಟ್ಟಿಗೆ ದೊಡ್ಡ ಮಚ್ಚೆ. ಆಸ್ಪತ್ರೆಯ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತು ನನಗೆ ಅರ್ಥವಾದದ್ದು ಅಷ್ಟು. ಸಂತೋಷವಾಗಬೇಕಿತ್ತು. ಆಗಲಿಲ್ಲ. ಬೆಂಜ್ ಸರ್ಕಲ್ಲಿನ ಆ ಬೆಂಚಿನ ಮೇಲೆ ಅಂದು ಬೇರೆ ಯಾರಾದರೂ ಕೂತಿದ್ದರೆ, ಒಳಗಿನ ಡಾಕ್ಟರು ಇದೇ ಮಾತನ್ನು ಹೇಳಿ ಕಳಿಸುತ್ತಿದ್ದರೋ ಏನೋ.

ಅಂದು ಸಂಜೆ ಗಂಡನಿಗೆ ಎಲ್ಲ ಹೇಳಿದೆ. ಅವರು ಬಾಲ್ಕನಿಯಲ್ಲಿ ಪೇಪರ್ ಓದುತ್ತಿದ್ದರು. ನಾನು ಬೊಟ್ಟು ತೆಗೆದು ತೋರಿಸಿದೆ. ಅವರು ನೋಡಿದರು, ಪೇಪರ್ ಮಡಿಸಿದರು.

"ಮದುವೆಗೆ ಮುಂಚೆ ಇತ್ತಾ?"

"ಇತ್ತು."

"ನಿಮ್ಮ ಮನೆಯವರಿಗೆ ಗೊತ್ತಿತ್ತಾ?"

"ಅಮ್ಮನಿಗೆ. ಅಪ್ಪನಿಗೆ ಗೊತ್ತಿಲ್ಲ. ಆದರೆ ಇದು ಅದಲ್ಲ ಅಂತ ಡಾಕ್ಟರು..."

"ಕೇಳಿಸ್ಕೊಂಡೆ," ಎಂದರು.

ಅವರು ಕೂಗಾಡುವ ಮನುಷ್ಯರಲ್ಲ. ಕೆಲವು ದಿನ ಊಟ ಬಡಿಸಿದಾಗ ಸಾಕು, ಬೇಕು ಎನ್ನುವುದು ಬಿಟ್ಟು ಮಾತಾಡಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಶೂ ಹಾಕಿಕೊಳ್ಳುತ್ತ ಹೇಳಿದರು. "ಡಾಕ್ಟ್ರು ಹೇಳಿದ್ದು ನಾನು ನಂಬ್ತೀನಿ. ಆದರೆ ಜನ ನಂಬಲ್ಲ. ತಂಗಿ ಮದುವೆ ಆಗಲಿ. ಅಲ್ಲೀವರೆಗೂ ಅಮ್ಮನಿಗೂ ಹೇಳಬೇಡ, ಹೀಗೇ ಇರಲಿ."

ನನ್ನ ಅಮ್ಮ ಹೇಳಿದ್ದೂ ಇಷ್ಟೇ. ಈಗ ಅದೇ ಮಾತನ್ನು ಇವರ ಬಾಯಲ್ಲಿ ಕೇಳಿದೆ. ಬೇಡ ಎನ್ನುವ ಧೈರ್ಯ ಬರಲಿಲ್ಲ. ಡಾಕ್ಟರು ಅಪ್ಪಟ ಅರಿಶಿನದ ಕುಂಕುಮವಾದರೆ ತೊಂದರೆಯಿಲ್ಲ ಎಂದಿದ್ದರು. ಊರಿಂದ ಮೇಣ ತರಿಸಿದೆ. ಊರೆಲ್ಲ ಹರಳಿನ ಚುಕ್ಕಿಗೆ ಬಂದಿದ್ದಾಗ ನಾನು ಕನ್ನಡಿಯ ಮುಂದೆ ನಿಂತು, ಹಣೆಗೆ ಮೇಣ ಸವರಿ, ಉಂಗುರದ ಬೆರಳಿನಿಂದ ರೂಪಾಯಿಯಗಲಕ್ಕೆ ಕುಂಕುಮ ಒತ್ತುವುದನ್ನು ಕಲಿತೆ. ಸಮುದ್ರದ ಗಾಳಿಗೆ ಹಣೆ ಸದಾ ಜಿಡ್ಡು. ಮಾತಾಡುವವರ ಕಣ್ಣು ಹಣೆಯ ಮೇಲೆ ಒಂದು ಕ್ಷಣ ನಿಂತರೆ, ಕರಗಿತೇ ಎಂದು ಜೀವ ಹಾರುತ್ತಿತ್ತು. ಸ್ಟಿಕ್ಕರ್ ಇದ್ದಾಗ ಇಷ್ಟು ಭಯ ಇರಲಿಲ್ಲ.

ನಾದಿನಿಯ ಮದುವೆ ಬೇಗ ಕೂಡಿಬರಲಿಲ್ಲ. ಒಂದು ಜಾತಕ ಹೊಂದಿದರೆ ಇನ್ನೊಂದು ಅಡ್ಡಿ. ವರ್ಷಗಳು ಹೋದವು. ಕಡೆಗೂ ಹಾಸನದಲ್ಲಿ ಮದುವೆಯಾಯಿತು. ಮದುಮಗಳ ಅಲಂಕಾರಕ್ಕೆ ಪಾರ್ಲರಿನವಳು ಪೆಟ್ಟಿಗೆ ಹಿಡಿದು ಛತ್ರಕ್ಕೇ ಬಂದಿದ್ದಳು. ನನ್ನ ಮದುವೆಯಲ್ಲಿ ಅಪ್ಪನ ತಂಗಿ ಮುಖಕ್ಕೆ ಪೌಡರ್ ಬಡಿದದ್ದೇ ಹೆಚ್ಚು. ಈಗ ನಾದಿನಿಯ ಹುಬ್ಬಿನ ಮೇಲೆ ಬಿಳಿ ಕೆಂಪು ಚುಕ್ಕಿಗಳ ಸಾಲು, ಕಣ್ಣರೆಪ್ಪೆಗೆ ಬಂಗಾರದ ಬಣ್ಣ. ಉಳಿದ ಹೆಂಗಸರೆಲ್ಲ ಅವಳ ಮುಂದೆ ಸಾಲುಹಿಡಿದು ನಿಂತಾಗ ನಾನು ಉಗ್ರಾಣದಲ್ಲಿ ತಾಂಬೂಲದ ಚೀಲಗಳಿಗೆ ತೆಂಗಿನಕಾಯಿ ಹಾಕುತ್ತ ಕೂತಿದ್ದೆ. ಅಮ್ಮನ ಸೋದರತ್ತೆ ನೆನಪಾದರು. ಆಕೆಯೂ ಹೀಗೇ ಏನಾದರೊಂದು ಕೆಲಸ ಹಚ್ಚಿಕೊಂಡು ಒಳಗೇ ಕೂರುತ್ತಿದ್ದಿರಬೇಕು.

ವಾಪಸು ಬರುವಾಗ ರೈಲು ಗೋದಾವರಿ ದಾಟುವಷ್ಟರಲ್ಲಿ ಬೆಳಗಿನ ಬಿಸಿಲು ಏರಿತ್ತು. ಮಗಳು ಕಿಟಕಿಯ ಪಕ್ಕ ಕೂತು ತಾಳೆಮರಗಳನ್ನು ನೋಡುತ್ತಿದ್ದಳು. ನಾನು ಗಂಡನಿಗೆ, "ಮದುವೆ ಆಯ್ತಲ್ಲ. ಇನ್ನು ಇದನ್ನ ಬಿಟ್ಟುಬಿಡ್ತೀನಿ," ಎಂದೆ.

ಅವರು ಮಗಳ ಕಡೆ ನೋಡಿದರು. "ಇವಳಿಗೂ ಒಂದಿನ ಗಂಡು ನೋಡಬೇಕಲ್ಲ," ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಿಜವಾಗಿಯೂ ಚಿಂತೆಯಿಂದಲೇ ಹೇಳಿದರು.

ಮಗಳು ಆಗಿನ್ನೂ ಒಂದನೇ ಕ್ಲಾಸು.

ನಾನು ಕುಂಕುಮದ ಭರಣಿ ತೆಗೆದುಕೊಂಡು ಎದ್ದು ಬೋಗಿಯ ತುದಿಯ ವಾಷ್‌ಬೇಸಿನ್ನಿಗೆ ಹೋದೆ. ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿತ್ತು. ಸೋಪು ಹಚ್ಚಿ ಮೇಣ ಪೂರ್ತಿ ಹೋಗುವವರೆಗೂ ತಿಕ್ಕಿದೆ. ಕನ್ನಡಿಯಲ್ಲಿ ನನ್ನ ಮುಖ ಯಾರದೋ ಮುಖದ ಹಾಗಿತ್ತು. ಮಚ್ಚೆಯ ಮೇಲೆ ಹುಬ್ಬುಗಳ ನಡುವೆ ಬೆರಳ ತುದಿಯಿಂದ ಸಾಸಿವೆಯಷ್ಟು ಕುಂಕುಮ ಇಟ್ಟುಕೊಂಡು, ಬೋಗಿಯ ಉದ್ದಕ್ಕೂ ನಡೆದು ಬಂದು ಕೂತೆ. ಎದುರಿನ ಸೀಟಿನ ಮುದುಕಿ ನೋಡಿದರು, ಆಮೇಲೆ ತಮ್ಮ ಬುತ್ತಿ ಬಿಚ್ಚಿದರು. ಗಂಡ ದುವ್ವಾಡದಲ್ಲಿ ಇಳಿಯುವಾಗ ಸೂಟ್‌ಕೇಸು ಎತ್ತಿಕೊಂಡು, "ನಡಿ," ಎಂದರು.

ಆಮೇಲೆ ನಾನು ಹೆದರಿದಷ್ಟೂ ಆಗಲಿಲ್ಲ, ಏನೂ ಆಗಲಿಲ್ಲ ಎಂದೂ ಅಲ್ಲ. ಕೇಳಿದವರಿಗೆಲ್ಲ ಸ್ಟಿಕ್ಕರಿನ ಅಂಟು ಎಂದೆ. ಕೆಲವರು ನಂಬಿದರು. ಒಬ್ಬರು ನಮ್ಮ ಮನೆಗೆ ಅರಿಶಿನ ಕುಂಕುಮಕ್ಕೆ ಬರುವುದನ್ನು ನಿಲ್ಲಿಸಿದರು. ಅತ್ತೆ ಬಂದವರು ಬಹಳ ಹೊತ್ತು ನೋಡಿ, "ನನಗೆ ಯಾಕೆ ಹೇಳಲಿಲ್ಲ," ಎಂದು ಮಗನನ್ನು ಕೇಳಿದರು, ನನ್ನನ್ನಲ್ಲ. ಆ ಸಲ ತಮ್ಮ ಟವೆಲನ್ನು ಬೇರೆ ಹಗ್ಗದ ಮೇಲೆ ಒಣಹಾಕಿದರು. ಮುಂದಿನ ಸಲ ಬಂದಾಗ ಅದು ಮತ್ತೆ ನಮ್ಮ ಬಟ್ಟೆಗಳ ಜೊತೆಗೇ ಇತ್ತು.

ಅಮ್ಮನ ಹತ್ತಿರ ಹೋಗಲು ನನಗೆ ಕಾಲು ಬರಲಿಲ್ಲ. ಅಪ್ಪನ ರಿಟೈರ್‌ಮೆಂಟು ಹತ್ತಿರವಾಗಿ ಅವರು ತುಮಕೂರಿಗೆ ಹೊರಡುವ ತಯಾರಿಯಲ್ಲಿದ್ದಾಗ, ಸಾಮಾನು ಕಟ್ಟಲು ನೆರವಾಗಲೆಂದು ಮಗಳನ್ನು ಕರೆದುಕೊಂಡು ಪಟಮಟಕ್ಕೆ ಹೋದೆ. ಬಾಗಿಲು ತೆಗೆದ ಅಮ್ಮ ನನ್ನ ಹಣೆ ನೋಡಿದವಳೇ ನನ್ನನ್ನು ಒಳಗೆಳೆದು ಬಾಗಿಲು ಹಾಕಿದಳು.

"ದಾರೀಲಿ ಯಾರಾದರೂ ನೋಡಿದ್ರಾ?"

"ರೈಲಲ್ಲಿ, ಬಸ್ಸಲ್ಲಿ ಎಲ್ಲರೂ ನೋಡಿದರು ಅಮ್ಮ. ಮನೇಲೂ ಎಲ್ಲರಿಗೂ ಗೊತ್ತು."

ಅವಳು ಅರ್ಧ ಕಟ್ಟಿದ್ದ ಪಾತ್ರೆಗಳ ಮಧ್ಯೆ ನೆಲದ ಮೇಲೆ ಕೂತಳು. "ನನ್ನಿಂದಲೇ ಬಂದದ್ದು ಇದು," ಎಂದಳು. "ನಮ್ಮತ್ತೆಯ ರಕ್ತ ಅಲ್ವಾ. ದೇವರ ಮುಂದೆ ನಿಂತಾಗಲೆಲ್ಲ ಅದನ್ನೇ ಕೇಳ್ತಿದ್ದೆ, ನನಗೆ ಬರೋದು ಬಿಟ್ಟು ಅವಳಿಗೆ ಯಾಕೆ ಕೊಟ್ಟೆ ಅಂತ."

ಇಷ್ಟು ವರ್ಷ ಅವಳು ಇದನ್ನು ಹೊತ್ತಿದ್ದಳೆಂದು ನನಗೆ ಗೊತ್ತಿರಲಿಲ್ಲ. ಡಾಕ್ಟರು ಹೇಳಿದ್ದನ್ನು ಅವಳಿಗೆ ಹೇಳಬಾರದು ಎಂದು ನಿಶ್ಚಯಿಸಿಕೊಂಡು ಬಂದಿದ್ದೆ. ಹೇಳಿದರೆ ಆ ಸ್ಟಿಕ್ಕರುಗಳನ್ನು ತಂದುಕೊಟ್ಟವರು ಯಾರು ಎಂಬ ಮಾತು ಬರುತ್ತಿತ್ತು. ಈಗ ಹೇಳದೆ ಇರುವುದೂ ಆಗಲಿಲ್ಲ.

"ರಕ್ತದಿಂದ ಬಂದದ್ದಲ್ಲ ಅಮ್ಮ. ಸ್ಟಿಕ್ಕರಿನ ಅಂಟು. ಬೇರೆ ಎಷ್ಟೋ ಜನಕ್ಕೆ ಆಗಿದೆಯಂತೆ."

ಅವಳು ಕೈಯಲ್ಲಿದ್ದ ಲೋಟವನ್ನು ಹಳೆಯ ಪೇಪರಿನಲ್ಲಿ ಸುತ್ತಿ ಇಟ್ಟಳು.

"ಹಾಗಾದರೆ ಒನ್‌ಟೌನ್ ಪೇಟೆಯ ಅಂಗಡಿ ಅಂಗಡಿ ಅಲೆದು ನಾನೇ ತರ್ತಿದ್ದೆನಲ್ಲ," ಎಂದಳು.

"ನಿನಗೆ ಹೇಗೆ ಗೊತ್ತಾಗಬೇಕಿತ್ತು."

ಅವಳು ಮತ್ತೊಂದು ಲೋಟ ಎತ್ತಿಕೊಂಡಳು. ಮಧ್ಯಾಹ್ನದವರೆಗೂ ನಾವು ಪಾತ್ರೆ ಕಟ್ಟುತ್ತಲೇ ಇದ್ದೆವು.

ಸಂಜೆ ಕೆಳಗಿನ ಮನೆಯ ಓನರಮ್ಮ ನನ್ನನ್ನು ನೋಡಲು ಮೇಲೆ ಬಂದರು. ನನ್ನ ಹಣೆ ನೋಡಿ, "ಅಯ್ಯೋ, ಇದೇನಮ್ಮ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ತನ್ನ ಕನ್ನಡ ಬೆರೆತ ತೆಲುಗಿನಲ್ಲಿ, "ಬಜ್ಜಿ ಕರಿಯುವಾಗ ಎಣ್ಣೆ ಸಿಡಿಯಿತಂತೆ," ಎಂದಳು. ನನ್ನ ಕಡೆ ನೋಡಲಿಲ್ಲ. ಮಗಳು ನನ್ನ ಮುಖ ನೋಡಿದಳು. ನಾನು ಸುಮ್ಮನಿರು ಎಂಬಂತೆ ಅವಳ ಬೆನ್ನ ಮೇಲೆ ಕೈಯಿಟ್ಟೆ.

ಓನರಮ್ಮ ಸುಟ್ಟ ಕಲೆಗೆ ಕೊಬ್ಬರಿ ಎಣ್ಣೆ ಒಳ್ಳೆಯದೆಂದು ಹೇಳಿದರು. ಅಮ್ಮ ಗಮನವಿಟ್ಟು ಕೇಳಿದಳು. ದಿನಕ್ಕೆ ಎಷ್ಟು ಸಲ, ಬಿಸಿ ಮಾಡಿಯೋ ಹಾಗೆಯೋ ಎಂದು ಕೇಳಿ ತಿಳಿದುಕೊಂಡಳು. ಅವರು ಹೋದ ಮೇಲೆ ಕಟ್ಟಿಟ್ಟಿದ್ದ ಡಬ್ಬಿಯೊಂದನ್ನು ಬಿಚ್ಚಿ ಎಣ್ಣೆಯ ಬಟ್ಟಲು ಹೊರತೆಗೆದಳು. ನನ್ನನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಬೆರಳು ಅದ್ದಿ, ಮಚ್ಚೆಯ ಮೇಲೆ ಮೆತ್ತಗೆ ಸವರತೊಡಗಿದಳು.

"ಉರಿಯುತ್ತಾ?" ಎಂದು ಕೇಳಿದಳು.

"ಇಲ್ಲ," ಎಂದೆ.